ಕಲ್ಲು ಬಲ್ಲ ನೀರು

ಹಾಲು ಉಕ್ಕಿ ಒಲೆಯ ಮೇಲೆ ಹರಿದು, ಅಲ್ಲಿಂದ ಅಡುಗೆಕಟ್ಟೆಗಿಳಿದು, ಎರಡು ಚಪ್ಪಡಿಗಳ ನಡುವಿನ ಸಂದಿನೊಳಗೆ ಮಾಯವಾಗುವುದನ್ನು ಅವಳು ನಿಂತು ನೋಡುತ್ತಿದ್ದಳು. ನೋಡುತ್ತಿದ್ದಳೇ ಹೊರತು ಒಲೆ ಆರಿಸಲಿಲ್ಲ. ಪಕ್ಕದಲ್ಲೇ ಇದ್ದ ಅಗಲ ಸಂದನ್ನು ಬಿಟ್ಟು ಹಾಲು ಈ ಕೂದಲೆಳೆಯಂಥದ್ದನ್ನೇ ಏಕೆ ಹುಡುಕಿಕೊಂಡಿತು ಎಂಬುದು ಅವಳಿಗೆ ಗೊತ್ತಿತ್ತು. ಅಗಲದ್ದು ನಾಲ್ಕು ಬೆರಳು ಹೋಗಿ ನಿಂತುಬಿಡುತ್ತದೆ, ಇದು ಗೋಡೆಯವರೆಗೂ ಹೋಗುತ್ತದೆ. ಅಗಲ ಇದ್ದರೆ ಸಾಲದು, ಆ ಕಡೆಗೂ ಬಾಯಿ ತೆರೆದಿರಬೇಕು. ಅಷ್ಟರಲ್ಲಿ ಅತ್ತೆ ಹಿಂದಿನಿಂದ ಬಂದು ಒಲೆಯ ಕಿವಿ ಹಿಂಡಿ, "ಕಲ್ಲಿನ ಹೊಟ್ಟೇಲಿ ಏನಿದೆ ಅಂತ ಹೇಳೋಳಿಗೆ ಕಣ್ಣೆದುರು ಹಾಲು ಉಕ್ಕೋದು ಕಾಣಲ್ವೇನೇ?" ಅಂದರು. "ಕಾಣತ್ತೆ ಅತ್ತೆ" ಅಂದಳು. ಅದು ನಿಜವಾಗಿತ್ತು, ತೊಂದರೆ ಇದ್ದದ್ದೇ ಅಲ್ಲಿ. ಕಾಣುವುದಕ್ಕೇನು, ಅವಳಿಗೆ ಎಲ್ಲವೂ ಕಾಣುತ್ತಿತ್ತು. ಕಂಡ ಮೇಲೆ ಕೈ ಏಳುತ್ತಿರಲಿಲ್ಲ, ಬಾಯಿ ಬರುತ್ತಿರಲಿಲ್ಲ. ಗಂಡ ಪತ್ರಿಕೆಯ ಹಿಂದಿನಿಂದಲೇ "ಉಕ್ಕಿದ್ದು ಉಕ್ಕಿತು, ಉಳಿದಿದ್ದು ಕೊಡು" ಅಂದ. ಅವಳು ಬಟ್ಟೆ ತಂದು ಕಟ್ಟೆ ಒರೆಸಿದಳು. ಸಂದಿನೊಳಗೆ ಹೋದ ಹಾಲನ್ನು ಒರೆಸುವುದು ಸಾಧ್ಯವಿರಲಿಲ್ಲ.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿದರೂ ಹೊರಗೆ ನೋಡಲಾಗಲಿಲ್ಲ. ಇವತ್ತು ಸಂಜೆಯೊಳಗೆ ವರದಿ ಹೋಗಬೇಕು. ನೆಲದ ಬಹಳ ಆಳದಲ್ಲಿ ಮರಳುಗಲ್ಲಿನ ಒಂದು ಪದರವಿತ್ತು, ಅದರ ತುಂಬ ಬಿಸಿ ಬಿಸಿ ಉಪ್ಪುನೀರು. ಆ ನೀರನ್ನು ಮೇಲೆತ್ತಿ, ಶಾಖ ತೆಗೆದುಕೊಂಡು, ಮತ್ತೆ ಕೆಳಕ್ಕೇ ಬಿಟ್ಟರೆ ಒಂದು ಪಟ್ಟಣಕ್ಕೆ ಸಾಕಾಗುವಷ್ಟು ವಿದ್ಯುತ್ತು. ಆದರೆ ಕಲ್ಲು ನೀರನ್ನು ಹಾಯಲು ಬಿಡಬೇಕು. ಬಿಡುತ್ತದೋ ಇಲ್ಲವೋ ಎಂದು ಹೇಳುವುದೇ ಅವಳ ಕಚೇರಿಯ ಕೆಲಸ. ಕೊರೆದ ಬಾವಿಯಿಂದ ಬಂದ ಹೆಬ್ಬೆರಳ ಗಾತ್ರದ ಕಲ್ಲಿನ ತುಂಡುಗಳನ್ನು ಅವಳು ಎಕ್ಸ್‌ರೇ ಯಂತ್ರದಲ್ಲಿ ತಿರುಗಿಸಿ ತಿರುಗಿಸಿ ಒಳಗಿನ ಚಿತ್ರ ತೆಗೆಯುತ್ತಾಳೆ. ಚಿತ್ರದಲ್ಲಿ ಕಪ್ಪು ಅಂದರೆ ತೂತು, ಬಿಳಿ ಅಂದರೆ ಮರಳಿನ ಕಾಳು. ನಡುವೆ ಇರುವುದೆಲ್ಲ ಬೂದು, ಅದು ಜೇಡಿ. ಯಾವ ಬೂದು ತೂತಿನ ಪಾಲಿಗೆ, ಯಾವ ಬೂದು ಕಲ್ಲಿನ ಪಾಲಿಗೆ ಎಂದು ತೀರ್ಮಾನ ಮಾಡುವವಳು ಅವಳು. ಆಮೇಲೆ ಕಂಪ್ಯೂಟರಿನೊಳಗೆ, ಆ ತೂತುಗಳ ಒಂದು ತುದಿಯಿಂದ ಲೆಕ್ಕದ ನೀರನ್ನು ಒತ್ತಿ, ಇನ್ನೊಂದು ತುದಿಯಲ್ಲಿ ಎಷ್ಟು ಬಂತು ಎಂದು ನೋಡುತ್ತಾಳೆ. ಅವಳ ಲೆಕ್ಕದಲ್ಲಿ ನೀರು ಧಾರಾಳವಾಗಿ ಬಂದಿತ್ತು. ಕೆಳಮಹಡಿಯ ಪ್ರಯೋಗಶಾಲೆಯಲ್ಲಿ ಅದೇ ಕಲ್ಲಿಗೆ ನಿಜವಾದ ನೀರು ಒತ್ತಿದರೆ ಮೊದಲಿಗೆ ಒಂದೆರಡು ತೊಟ್ಟು ಬಂದು ನಿಂತೇ ಹೋಯಿತು. ಆ ಒಂದೆರಡು ತೊಟ್ಟನ್ನು ಕೊಳವೆಯಲ್ಲಿ ಮೊದಲೇ ಉಳಿದಿದ್ದ ನೀರು ಎಂದು ತಳ್ಳಿಹಾಕಿದರು. ಎರಡನೆಯ ತುಂಡಿನಲ್ಲೂ ಅದೇ ಕಥೆ. ಕಳೆದ ಮೀಟಿಂಗಿನಲ್ಲಿ ಅವಳು ಪರದೆಯ ಮೇಲೆ ಹರಿವಿನ ಚಿತ್ರ ಹಾಕಿದ್ದಳು, ಕಾಳುಗಳ ನಡುವೆ ಬಳುಕಿ ಹೋಗುವ ನೀಲಿ ಕೆಂಪು ಎಳೆಗಳು. ಮುಖ್ಯಸ್ಥರು ಕನ್ನಡಕ ತೆಗೆದು, "ಬಹಳ ಚೆನ್ನಾಗಿದೆ ಮೇಡಂ, ಕ್ಯಾಲೆಂಡರಿಗೆ ಹಾಕ್ಬಹುದು" ಅಂದರು. ಎಲ್ಲರೂ ನಕ್ಕರು. ಅವಳೂ ನಕ್ಕಳು, ನಗದೆ ಇದ್ದರೆ ಇನ್ನೂ ಅವಮಾನವಾಗುತ್ತಿತ್ತು. ಅವತ್ತಿನಿಂದ ಮೆಟ್ಟಿಲ ಮೇಲೆ ಸಿಕ್ಕವರೆಲ್ಲ ಅವಳನ್ನು ಫೋಟೋ ಮೇಡಂ ಎಂದು ಕರೆಯತೊಡಗಿದ್ದರು. ವರದಿ "ಹಾಯುವುದಿಲ್ಲ" ಎಂದು ಹೋದರೆ ಬಾವಿಗೆ ಸಿಮೆಂಟು ತುಂಬುತ್ತಾರೆ, ಅವಳ ಯಂತ್ರವನ್ನು ಬೇರೆ ಯಾರಿಗಾದರೂ ದಾಟಿಸುತ್ತಾರೆ, ಅವಳನ್ನು ಯಾವುದೋ ಮೂಲೆಯಲ್ಲಿ ಕೂರಿಸುತ್ತಾರೆ. ಅದೆಲ್ಲ ಹೋಗಲಿ ಎನ್ನಬಹುದಿತ್ತು. ಅವಳ ನಿದ್ದೆ ಕೆಡಿಸಿದ್ದು ಬೇರೆ: ತಾನು ಕಂಡ ದಾರಿ ಅಲ್ಲಿ ಇದೆಯೇ, ಅಥವಾ ಇರಲಿ ಎಂಬ ಆಸೆಗೆ ಬೂದನ್ನು ಕಪ್ಪು ಮಾಡಿಕೊಂಡಿದ್ದೇನೆಯೇ?

ಬಿಳಿಯಲ್ಲೂ ಎರಡು ಬಿಳಿ ಇರುತ್ತದೆ ಎಂದು ಅವಳಿಗೆ ಹತ್ತು ವರ್ಷಕ್ಕೇ ಗೊತ್ತಿತ್ತು. ಅಪ್ಪ ಗೋಡೆಗಳಿಗೆ ಬಣ್ಣ ಬಳಿಯುವವನು. ರಜೆಯಲ್ಲಿ ಅವಳು ಏಣಿ ಹಿಡಿದುಕೊಳ್ಳಲು ಹೋಗುತ್ತಿದ್ದಳು. ಒಂದು ದೊಡ್ಡ ಮನೆಯ ನಡುಕೋಣೆ, ಕೆಲಸ ಮುಗಿದು ಅಪ್ಪ ಕುಂಚ ತೊಳೆಯುತ್ತಿದ್ದಾನೆ, ಮನೆಯಾತ ಸೊಂಟದ ಮೇಲೆ ಕೈಯಿಟ್ಟು ಸುತ್ತ ನೋಡಿ ತಲೆದೂಗುತ್ತಿದ್ದಾನೆ. ಅವಳು ಮೂಲೆಗೆ ಬೆರಳು ತೋರಿಸಿ "ಅಪ್ಪಾ, ಅಲ್ಲಿ ಬೇರೆ ಬಿಳಿ ಇದೆ" ಎಂದುಬಿಟ್ಟಳು. ಡಬ್ಬಿ ಮುಗಿದು ಅಪ್ಪ ಇನ್ನೊಂದು ಡಬ್ಬಿ ಒಡೆದಿದ್ದ, ಅಷ್ಟೇ. ಮನೆಯಾತನಿಗೆ ಅಲ್ಲಿಯವರೆಗೆ ಕಾಣದ್ದು ಆಮೇಲೆ ಅದೊಂದೇ ಕಾಣತೊಡಗಿತು. ಅಪ್ಪ ಮಾರನೆಯ ದಿನ ಇಡೀ ಕೋಣೆಯನ್ನು ಮತ್ತೆ ಬಳಿದ. ಅವನು ಹೊಡೆಯಲಿಲ್ಲ, ಬೈಯಲಿಲ್ಲ. ಕೆಲಸ ಮುಗಿಸಿ ಮನೆಗೆ ಬರುವಾಗ ಏಣಿಯನ್ನು ಒಬ್ಬನೇ ಹೊತ್ತುಕೊಂಡು ಮುಂದೆ ಮುಂದೆ ನಡೆದ, ತಿರುಗಿ ನೋಡಲಿಲ್ಲ. ಅವಳು ಓಡುತ್ತ ಹಿಂದೆ ಬಂದಳು. ರಾತ್ರಿ ಊಟಕ್ಕೆ ಕೂತಾಗ ಗೋಡೆಗೆ ಹೇಳುವವನಂತೆ, "ಒಬ್ರಿಗೇ ಕಾಣೋ ಕಲೆ ಕಲೆ ಅಲ್ಲ" ಅಂದ. ಕಂಡಕ್ಟರು ಎರಡು ಸಲ ಕರೆದ ಮೇಲೆ ಅವಳು ಟಿಕೆಟ್ಟಿಗೆ ಕೈ ಚಾಚಿದಳು. ತನ್ನ ಕಣ್ಣು ಸರಿಯಿದ್ದದ್ದಕ್ಕೆ ಯಾರೋ ಎರಡು ಸಲ ಬಳಿಯಬೇಕಾಗುತ್ತದೆ ಎನ್ನುವುದು ಅವತ್ತು ಅವಳ ತಲೆಯೊಳಗೆ ಹೊಕ್ಕಿತ್ತು, ಮೂವತ್ತು ವರ್ಷ ಕಳೆದರೂ ಹೊರಬಂದಿರಲಿಲ್ಲ. ಅಂದಿನಿಂದ ಅವಳು ನೋಡುತ್ತಾಳೆ, ಬಾಯಿಗೆ ಬೀಗ ಹಾಕಿಕೊಳ್ಳುತ್ತಾಳೆ. ಕಲ್ಲಿನ ಒಳಗನ್ನು ನೋಡುವ ಕೆಲಸ ಸಿಕ್ಕಾಗ ಹಿಗ್ಗಿದ್ದು ಅದಕ್ಕೇ ಇರಬೇಕು, ಕಲ್ಲಿಗೆ ಬೇಜಾರಾಗುವುದಿಲ್ಲವಲ್ಲ.

ಆದರೆ ಪ್ರತಿ ಕಲ್ಲಿನ ಹಿಂದೆಯೂ ಒಬ್ಬ ಮನುಷ್ಯ ಇರುತ್ತಾನೆ. ಇಲ್ಲಿ ಇದ್ದವರು ಕಚೇರಿಯಲ್ಲಿ ಎಲ್ಲರೂ ಮೇಷ್ಟ್ರು ಎಂದು ಕರೆಯುವ ಹಿರಿಯರು. ಪ್ರಯೋಗಶಾಲೆ ಅವರದು, ನೀರೊತ್ತುವ ಪಂಪು ಅವರದು; ಅದರ ಉಕ್ಕಿನ ಕವಾಟಗಳನ್ನು ಬೇರೆಯವರು ಮಕ್ಕಳ ಹಲ್ಲುಜ್ಜಿಸುವಷ್ಟು ಅಕ್ಕರೆಯಿಂದ ಅವರು ಉಜ್ಜುತ್ತಿದ್ದರು. ಕೈ ತೊಳೆಯದೆ ಅವರ ಬಾಗಿಲು ದಾಟುವಂತಿಲ್ಲ. ಬಾಗಿಲು ದಾಟಿದ ಮೇಲೂ ಒಮ್ಮೆ ತೊಳೆಯಬೇಕು. ಬೆನ್ನ ಹಿಂದೆ ಎಲ್ಲರೂ ಅವರನ್ನು ತೊಳೆಯಪ್ಪ ಎನ್ನುತ್ತಿದ್ದರು, ಅದು ಅವರಿಗೂ ಗೊತ್ತಿತ್ತು, ಒಳಗೊಳಗೇ ಹೆಮ್ಮೆಯೂ ಇತ್ತು. ಅವರ ಕೈಯಲ್ಲಿ ಹಾದುಬಂದ ಕಲ್ಲುಗಳ ಮೇಲೆ ಸೇತುವೆಗಳು ನಿಂತಿದ್ದವು, ಅಣೆಕಟ್ಟೆಗಳು ನಿಂತಿದ್ದವು, ಒಂದೂ ಅಲುಗಿರಲಿಲ್ಲ. ಅವಳು ಕೆಲಸಕ್ಕೆ ಸೇರಿದ ಹೊಸತರಲ್ಲಿ ಕಲ್ಲಿನ ತುಂಡನ್ನು ಎರಡು ಬೆರಳಲ್ಲಿ ಚಿವುಟಿ ಹಿಡಿದಾಗ, "ಮೊಟ್ಟೆ ಹಿಡಿಯೋ ಹಾಗೆ ಹಿಡೀಬೇಕು ತಾಯಿ, ಇದು ನಮಗಿಂತ ಹಿರೀದು" ಎಂದು ಬೆರಳು ಬಿಡಿಸಿ ತೋರಿಸಿಕೊಟ್ಟಿದ್ದರು. ಮುಂದಿನ ತಿಂಗಳು ಅವರಿಗೆ ನಿವೃತ್ತಿ. ತನ್ನ ಲೆಕ್ಕ ಸರಿಯಾದರೆ ಅವರ ಪರೀಕ್ಷೆ ತಪ್ಪು. ಅವಳಿಗೆ ತನ್ನ ಲೆಕ್ಕ ಸರಿಯಾಗಲಿ ಎಂಬ ಆಸೆ ಇತ್ತು, ಅಂದರೆ ಅವರದು ತಪ್ಪಾಗಲಿ ಎಂಬ ಆಸೆಯೂ ಇದ್ದ ಹಾಗಾಯಿತು, ಆ ಆಸೆ ಅವಳಿಗೆ ಬೇಡವಾಗಿತ್ತು. ಅದಕ್ಕೇ ನಿನ್ನೆ ಅವರು ಊಟಕ್ಕೆ ಹೋದಾಗ ಪರೀಕ್ಷೆ ಮುಗಿದ ತುಂಡನ್ನು ಅವರ ತಟ್ಟೆಯಿಂದ ಹೇಳದೆ ಕೇಳದೆ ಎತ್ತಿಕೊಂಡು ಬಂದು ತನ್ನ ಯಂತ್ರದೊಳಗೆ ಇಟ್ಟಿದ್ದಳು. ಕದ್ದದ್ದು ಅವರ ತಪ್ಪು ಹಿಡಿಯುವುದಕ್ಕಲ್ಲ. ತನ್ನದೇ ತಪ್ಪು ಎಲ್ಲಿದೆ ಎಂದು ಹುಡುಕಿ, ಸಂಜೆಯ ಮೊದಲು ತಾನೇ ಒಪ್ಪಿಕೊಂಡು, ಎಲ್ಲರಿಗೂ ನೆಮ್ಮದಿ ಕೊಡುವುದಕ್ಕೆ.

ಯಂತ್ರ ರಾತ್ರಿಯೆಲ್ಲ ತಿರುಗಿ ಚಿತ್ರ ಸಿದ್ಧವಿಟ್ಟಿತ್ತು. ಚೀಲವನ್ನು ಹೆಗಲಿಂದ ಇಳಿಸದೆಯೇ ಅವಳು ಕೂತಳು. ಪರೀಕ್ಷೆಗೆ ಮುಂಚಿನ ಚಿತ್ರವನ್ನು ಎಡಕ್ಕೆ, ಇಂದಿನದನ್ನು ಬಲಕ್ಕೆ ಹಾಕಿದಳು. ಎರಡನ್ನೂ ಒಂದರ ಮೇಲೊಂದು ಕೂರಿಸಲು ಗುರುತು ಬೇಕು; ಕಲ್ಲಿನ ನಡುವೆ ಒಂದು ಭಾರದ ಖನಿಜದ ಚೂರು, ಉಳಿದೆಲ್ಲದಕ್ಕಿಂತ ಬೆಳ್ಳಗೆ ಹೊಳೆಯುವಂಥದ್ದು, ಎರಡರಲ್ಲೂ ಇತ್ತು. ಅದನ್ನು ಅದರ ಮೇಲೇ ಕೂರಿಸಿ ಸ್ವಲ್ಪ ತಿರುಗಿಸಿದಳು. ಕಾಳಿನ ಮೇಲೆ ಕಾಳು ಸರಿಯಾಗಿ ಕೂತಿತು. ಒಂದು ಕಾಳೂ ಜರುಗಿರಲಿಲ್ಲ. ಬೂದು ಮಾತ್ರ ಮೊದಲಿದ್ದಲ್ಲಿ ಇರಲಿಲ್ಲ. ಅವಳು ಕಣ್ಣುಜ್ಜಿಕೊಂಡಳು. ಮೊದಲಿನ ಚಿತ್ರದಲ್ಲಿ ಜೇಡಿ ಕಾಳುಗಳ ಮೈಗೆ ತೆಳ್ಳಗೆ ಅಂಟಿಕೊಂಡಿತ್ತು, ಅವುಗಳ ನಡುವಿನ ಇಕ್ಕಟ್ಟಾದ ಕತ್ತುಗಳು ಕಪ್ಪಗೆ ತೆರೆದಿದ್ದವು, ಅವಳು ಹೇಳಿದ ಹಾಗೆಯೇ. ಎರಡನೆಯದರಲ್ಲಿ ಕಾಳುಗಳ ಮೈ ಬೋಳಾಗಿತ್ತು, ಕತ್ತು ಕತ್ತಿನಲ್ಲೂ ಬೂದು ಹೋಗಿ ಕೂತಿತ್ತು. ಚಿತ್ರವನ್ನು ಹೋಳು ಹೋಳಾಗಿ ಸರಿಸಿ ನೋಡಿದಳು, ಒಂದು ಹೋಳು ಬಿಟ್ಟು ಇನ್ನೊಂದು, ಅದನ್ನು ಬಿಟ್ಟು ಮತ್ತೊಂದು. ಎಲ್ಲ ಕಡೆಯೂ ಅದೇ. ದಾರಿ ಇತ್ತು. ಇದ್ದ ದಾರಿಯನ್ನು ಯಾರೋ ಮುಚ್ಚಿದ್ದರು, ಪರೀಕ್ಷೆ ಮಾಡುವಾಗಲೇ ಮುಚ್ಚಿದ್ದರು. ಅವಳು ಕಿಟಕಿಯತ್ತ ತಿರುಗಿದಳು. ಕಿಟಕಿಯ ಹೊರಗೆ, ಪ್ರಯೋಗಶಾಲೆಯ ಹಿತ್ತಲಿನಲ್ಲಿ, ಬಾವಿಯಿಂದ ಕಲ್ಲಿನ ಜೊತೆಗೇ ಬಂದ ನೀರಿನ ನೀಲಿ ಕ್ಯಾನುಗಳು ಬಿಸಿಲಲ್ಲಿ ಬಿದ್ದಿದ್ದವು. ಮೇಷ್ಟ್ರು ಅವುಗಳನ್ನು ಒಳಗೆ ಬಿಟ್ಟುಕೊಂಡಿರಲಿಲ್ಲ. ಉಪ್ಪು ಕವಾಟ ತಿನ್ನುತ್ತದೆ, ಅದರ ಮೇಲೆ ಕೊಳೆತ ಮೊಟ್ಟೆಯ ವಾಸನೆ ಬೇರೆ. ಅವರು ಎಲ್ಲ ಕಲ್ಲಿಗೂ ಕೊಡುತ್ತಿದ್ದದ್ದು ಬಟ್ಟಿ ಇಳಿಸಿದ ನೀರು. ಸೇತುವೆಯ ಕಲ್ಲಿಗೆ ಅದರಿಂದ ಏನೂ ಆಗಿರಲಿಲ್ಲ, ಆ ಕಲ್ಲುಗಳಲ್ಲಿ ಜೇಡಿಯೇ ಇರಲಿಲ್ಲ. ಇವಳ ಲೆಕ್ಕದ ನೀರಿಗಂತೂ ರುಚಿಯೇ ಇಲ್ಲ. ಉಪ್ಪೋ ಸಪ್ಪೆಯೋ ಎಂದು ಕಂಪ್ಯೂಟರು ಕೇಳಿರಲಿಲ್ಲ, ಅವಳೂ ಕೇಳಿರಲಿಲ್ಲ. ಸಿಕ್ಕಿತು ಎಂದು ಕುರ್ಚಿಯಿಂದ ಎದ್ದಳು. ಎದ್ದ ಕೂಡಲೇ ಏಣಿ ಹೊತ್ತು ಮುಂದೆ ಹೋಗುವ ಬೆನ್ನು ಕಂಡಿತು, ಕೂತಳು. ಸುಮ್ಮನಿದ್ದುಬಿಡಬಹುದು. ಸಂಜೆಯ ತನಕ ಸುಮ್ಮನಿದ್ದರೆ ಸಾಕು, ಸಿಮೆಂಟು ಎಲ್ಲವನ್ನೂ ಮುಚ್ಚುತ್ತದೆ, ಮೇಷ್ಟ್ರು ಹಾರ ಹಾಕಿಸಿಕೊಂಡು ಮನೆಗೆ ಹೋಗುತ್ತಾರೆ. ಆದರೆ ಪರದೆಯ ಮೇಲೆ ಎಡಗಡೆ ಆ ಕಪ್ಪು ದಾರಿಗಳು ಅಷ್ಟು ಸ್ಪಷ್ಟವಾಗಿ ತೆರೆದುಕೊಂಡಿದ್ದವು. ಅವನ್ನು ನೋಡುತ್ತ ನೋಡುತ್ತ ಅವಳಿಗೆ ಒಮ್ಮೆಲೇ ಅಪ್ಪನ ಮೇಲೆ ಸಿಟ್ಟು ಬಂತು, ಜೀವಮಾನದಲ್ಲಿ ಮೊದಲ ಸಲ. ಆ ಮೂಲೆ ನಿಜವಾಗಿಯೂ ಬೇರೆ ಬಿಳಿಯಾಗಿತ್ತಲ್ಲ! ಅವಳು ದಡದಡ ಮೆಟ್ಟಿಲಿಳಿದಳು.

"ಮೇಷ್ಟ್ರೇ, ಒಂದು ಗಳಿಗೆ ಮೇಲೆ ಬರ್ತೀರಾ?"

"ಯಾಕೆ, ನಿನ್ನ ಕ್ಯಾಲೆಂಡರು ಅಚ್ಚಾಯ್ತಾ?" ಅವರು ಕೈ ಒರೆಸಿಕೊಳ್ಳುತ್ತಿದ್ದರು.

"ನಿಮ್ಮ ತಟ್ಟೆಯಿಂದ ಒಂದು ತುಂಡು ಕದ್ದಿದ್ದೀನಿ. ಬೈಯೋದಕ್ಕಾದರೂ ಬನ್ನಿ."

ಅವರು ಬಂದರು. ನಿಂತೇ ನೋಡಿದರು. ಬದಲಾದ ಜಾಗಕ್ಕೆಲ್ಲ ಅವಳು ಕೆಂಪು ಹಚ್ಚಿದ್ದಳು. "ಬಣ್ಣ ತೆಗಿ," ಅಂದರು, "ಬಣ್ಣ ಹಚ್ಚಿದ್ದನ್ನ ನಾನು ನಂಬಲ್ಲ." ತೆಗೆದಳು. ಅವರು ಕುರ್ಚಿ ಎಳೆದುಕೊಂಡು ಮೂಗು ಪರದೆಗೆ ತಾಗುವಷ್ಟು ಬಗ್ಗಿ, ಎಡ ಬಲ, ಎಡ ಬಲ ನೋಡತೊಡಗಿದರು. ಅವಳು ಮುಂದಿನ ಹೋಳಿಗೆ ಹೋಗಲು ಕೈ ಹಾಕಿದರೆ "ತಡಿ" ಅಂದರು. ಕೊನೆಗೆ ಎಡಕ್ಕೆ ಬೆರಳಿಟ್ಟು, "ಇದು ಯಾವಾಗಿಂದು?"

"ನಿಮ್ಮ ಕೈಗೆ ಬರೋ ಮುಂಚೆ."

"ಇದು?"

"ನಿಮ್ಮ ಕೈಯಿಂದ ಬಂದ ಮೇಲೆ."

"ನಾನು ನೀರು ಬಿಟ್ಟು ಬೇರೇನೂ ಹಾಕಿಲ್ಲ," ಅಂದರು. ದನಿ ಗಡುಸಾಯಿತು. "ಶುದ್ಧ ನೀರು. ಅದಕ್ಕಿಂತ ಶುದ್ಧವಾದ್ದು ಎಲ್ಲೂ ಸಿಗಲ್ಲ."

ಇಲ್ಲಿ ನಿಲ್ಲಿಸಬಹುದು ಎಂದುಕೊಂಡಳು. ನೀರಿಗಿಳಿದ ಮೇಲೆ ಚಳಿಯೇನು ಎಂದೂ ಅಂದುಕೊಂಡಳು. "ಅದೇ ಆಗಿದ್ದು ಮೇಷ್ಟ್ರೇ. ಆ ಜೇಡಿ ಉಪ್ಪುನೀರಲ್ಲೇ ಹುಟ್ಟಿ ಬೆಳೆದಿದ್ದು. ಅಷ್ಟು ಶುದ್ಧವಾದ್ದು ತಾಗಿದ ಕೂಡ್ಲೇ ಹಿಡಿತ ಬಿಟ್ಟಿದೆ. ಉಬ್ಬಿದೆ, ತೇಲಿ ಬಂದು ಕತ್ತಿಗೆ ಕೂತಿದೆ. ನಿಮಗೆ ಬಂತಲ್ಲ ಒಂದೆರಡು ತೊಟ್ಟು, ಅದು ಕೊಳವೇಲಿ ಉಳಿದಿದ್ದ ನೀರಲ್ಲ. ಕಲ್ಲು ಹಾಯೋದಕ್ಕೆ ಬಿಟ್ಟಿದ್ದ ನೀರು." ತನ್ನ ದನಿ ಇಷ್ಟು ನೆಟ್ಟಗೆ ಇರುತ್ತದೆಂದು ಅವಳಿಗೇ ಗೊತ್ತಿರಲಿಲ್ಲ. "ಮೂರನೇ ತುಂಡು ನನ್ನ ಹತ್ರ ಇದೆ. ಅದನ್ನೂ ಸ್ಕ್ಯಾನ್ ಮಾಡಿ ಲೆಕ್ಕ ಹಾಕಿದ್ದೀನಿ. ಅದಕ್ಕೆ ಅದರದೇ ನೀರು ಕೊಡಿ."

"ನನ್ನ ಪಂಪಿಗೆ ಆ ಹೊಲಸು ನೀರಾ?"

"ಹೌದು, ನಿಮ್ಮ ಪಂಪಿಗೇ."

ಅವರು ಹುಬ್ಬು ಗಂಟಿಕ್ಕಿ ಅವಳನ್ನೇ ನೋಡಿದರು, ಅವಳು ಕಣ್ಣು ಕೆಳಗೆ ಹಾಕಲಿಲ್ಲ. ಆಮೇಲೆ ಎದ್ದು, "ಕವಾಟ ತುಕ್ಕು ಹಿಡಿದ್ರೆ ನಿನ್ನ ಕೈಲೇ ಉಜ್ಜಿಸ್ತೀನಿ" ಎಂದು ಗೊಣಗುತ್ತ ಹಿತ್ತಲಿಗೆ ಹೋಗಿ ನೀಲಿ ಕ್ಯಾನನ್ನು ತಾವೇ ಹೊತ್ತು ತಂದರು.

ಕೆಳಗೆ ಸುದ್ದಿ ಹೇಗೆ ಹರಡಿತೋ, ಮೂರನೆಯ ತುಂಡನ್ನು ರಬ್ಬರಿನ ಕವಚದೊಳಗೆ ಬಿಗಿದು ಕೂರಿಸುವ ಹೊತ್ತಿಗೆ ಪ್ರಯೋಗಶಾಲೆಯ ಬಾಗಿಲಲ್ಲಿ ಜನ ನೆರೆದಿದ್ದರು. ಮುಖ್ಯಸ್ಥರೂ ಬಂದು, "ಏನು ಮೇಷ್ಟ್ರೇ, ಗಬ್ಬು ವಾಸನೆ ನಿಮ್ಮ ಕೋಣೇಲಿ?" ಎಂದು ಮೂಗು ಮುಚ್ಚಿಕೊಂಡರು. ಮೇಷ್ಟ್ರು ಅವಳ ಕಡೆಗೆ ಗದ್ದದಿಂದ ಸನ್ನೆ ಮಾಡಿದರು. ಅವಳು ಇನ್ನೊಮ್ಮೆ ಎಲ್ಲವನ್ನೂ ಹೇಳಿದಳು. ಮುಖ್ಯಸ್ಥರು ಗಡಿಯಾರ ನೋಡಿಕೊಂಡು, "ಬಂದ್ರೆ ಬಂತು ಅನ್ನೋಣ ಮೇಡಂ. ಆದ್ರೆ ಎರಡು ತೊಟ್ಟು ಬಂದ್ರೂ ಬಂದಂಗೇ ಅಲ್ವಾ? ಎಷ್ಟು ಅಂತ ಹೇಳೋರು ಯಾರು? ಇಂಥ ಅಡ್ಡಗೋಡೆ ಮೇಲೆ ದೀಪ ಇಟ್ಟ ಮಾತಿಗೆ ಬಾವಿ ಉಳಿಸೋಕಾಗಲ್ಲ" ಅಂದರು. ಬಾಗಿಲಲ್ಲಿ ಯಾರೋ ಕಿಸಕ್ಕೆಂದರು. ಆಗ ಅವಳು ಮಾಡಿದ್ದನ್ನು ಅವಳ ಕೈಯೇ ಮಾಡಿತು ಎನ್ನಬೇಕು. ಮೇಜಿನ ಮೇಲಿದ್ದ ಕೆಂಪು ಮೇಣದ ಪೆನ್ಸಿಲ್ಲನ್ನು ಎತ್ತಿ, ನೀರು ಬಂದು ಬೀಳಬೇಕಾದ ಗಾಜಿನ ಅಳತೆ ಜಾಡಿಯ ಮೇಲೆ, ಅರ್ಧಕ್ಕಿಂತ ಸಾಕಷ್ಟು ಮೇಲೆ, ತನ್ನ ಲೆಕ್ಕ ಹೇಳಿದ ಜಾಗಕ್ಕೆ, ಒಂದು ಗೆರೆ ಎಳೆದಳು.

"ಊಟದ ಗಂಟೆ ಹೊಡೆಯೋ ಹೊತ್ತಿಗೆ ನೀರು ಇಲ್ಲಿಗೆ ಬರತ್ತೆ."

"ಬರದಿದ್ರೆ?"

"ಬರದಿದ್ರೆ ಯಂತ್ರ ಬೇರೆಯವರಿಗೆ ಕೊಟ್ಟುಬಿಡಿ ಸರ್. ನಾನೇ ಕಟ್ಟಿ ಕಳಿಸ್ತೀನಿ."

ಪಂಪು ಗುಂಯ್ಗುಡತೊಡಗಿತು. ಎಲ್ಲರೂ ಕೊಳವೆಯ ಬಾಯಿಯನ್ನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡುತ್ತಿದ್ದರು, ಅವಳೊಬ್ಬಳು ಕಲ್ಲನ್ನು ನೋಡುತ್ತಿದ್ದಳು. ಕಪ್ಪು ರಬ್ಬರಿನೊಳಗೆ ಅದು ಕಾಣುತ್ತಿರಲಿಲ್ಲ, ಆದರೆ ಅವಳಿಗೆ ಅದರ ಓಣಿ ಓಣಿಯೂ ಪರಿಚಯ. ಈಗ ಉಪ್ಪುನೀರು ಕೆಳಗಿನ ದೊಡ್ಡ ತೂತಿಗೆ ಬಂದಿರುತ್ತದೆ. ಈಗ ಎಡಕ್ಕೆ ಹೊರಳಿದರೆ ಅಲ್ಲಿ ಮುಂದೆ ದಾರಿಯಿಲ್ಲ, ಬಲಕ್ಕೇ ಹೊರಳಬೇಕು. ಎರಡು ಕಾಳು ಮೈಗೆ ಮೈ ಒತ್ತಿಕೊಂಡಿರುವ ಕಡೆ ತೆಳ್ಳಗಾಗಬೇಕು, ಆಚೆ ಹೋಗಿ ಮತ್ತೆ ಅಗಲವಾಗಬೇಕು. ಮೊದಲ ತೊಟ್ಟು ಬಂತು. ಮೊದಲ ತೊಟ್ಟು ಹಿಂದೆಯೂ ಬಂದಿತ್ತು. ಎರಡನೆಯದು ಬಂತು. ಆಮೇಲೆ ಒಂದಷ್ಟು ಹೊತ್ತು ಏನೂ ಇಲ್ಲ, ಮುಖ್ಯಸ್ಥರು ಕೆಮ್ಮಿದರು, ಬಾಗಿಲಲ್ಲಿದ್ದವರಲ್ಲಿ ಒಬ್ಬ "ಹೋಯ್ತು" ಅಂದ. ಮೇಷ್ಟ್ರು ತಿರುಗಿ ಅವನಿಗೆ "ಬಾಯಿ ಮುಚ್ಚು, ಕೊಳವೆಯ ಬಾಯಲ್ಲಿ ಗಾಳಿ ಸಿಕ್ಕಿದೆ" ಎಂದು ಗದರಿ, ಬೆರಳ ಗೆಣ್ಣಿನಿಂದ ಕೊಳವೆಯನ್ನು ಮೆಲ್ಲಗೆ ತಟ್ಟಿದರು. ಮೂರನೆಯದು ಬಂತು, ಬೆನ್ನಿಗೇ ನಾಲ್ಕನೆಯದು. ಆಮೇಲೆ ಎಣಿಸುವ ಅಗತ್ಯ ಉಳಿಯಲಿಲ್ಲ. ತೊಟ್ಟುಗಳು ಒಂದರ ಹಿಂದೊಂದು ಬಂದವು, ಒಂದು ಬೀಳುವ ಮೊದಲೇ ಇನ್ನೊಂದು ತಯಾರಾಗಿ ನಿಲ್ಲುತ್ತಿತ್ತು, ಗಾಜಿನೊಳಗೆ ನೀರು ನಿಧಾನವಾಗಿ, ಯಾವ ಅವಸರವೂ ಇಲ್ಲದೆ ಏರತೊಡಗಿತು. ಬಾಗಿಲಲ್ಲಿದ್ದವರು ಒಬ್ಬೊಬ್ಬರಾಗಿ ಒಳಗೆ ಬಂದರು. ಕೈ ತೊಳೆಯಿರಿ ಎಂದು ಮೇಷ್ಟ್ರು ಯಾರಿಗೂ ಹೇಳಲಿಲ್ಲ.

ಗಂಟೆ ಹೊಡೆಯಿತು. ನೀರು ಗೆರೆಯ ಕೆಳಗೆ ಒಂದು ಕೂದಲಿನಷ್ಟು ಅಂತರದಲ್ಲಿತ್ತು. ಗಂಟೆಯ ಸದ್ದು ಇನ್ನೂ ಪೂರ್ತಿ ಅಡಗಿರಲಿಲ್ಲ, ಇನ್ನೊಂದು ತೊಟ್ಟು ಬಿದ್ದು, ನೀರಿನ ಅಂಚು ಒಮ್ಮೆ ನಡುಗಿ, ಕೆಂಪು ಗೆರೆಗೆ ಸರಿಯಾಗಿ ಬಂದು ನಿಂತಿತು. ಯಾರೋ ಚಪ್ಪಾಳೆ ತಟ್ಟಿದರು, ಹಿಂದೆ ಕಿಸಕ್ಕೆಂದವನೇ ಇರಬೇಕು. ಮುಖ್ಯಸ್ಥರು ಕನ್ನಡಕ ತೆಗೆದರು, ಒರೆಸಿದರು, ಹಾಕಿಕೊಂಡು ಬಗ್ಗಿ ಗೆರೆಯನ್ನು ನೋಡಿದರು, ಮತ್ತೆ ತೆಗೆದರು. "ಎಲ್ಲಿ ನನ್ನ ಫೋನು?" ಎಂದು ಜೇಬು ತಡಕುತ್ತ, "ಸಿಮೆಂಟಿನೋರಿಗೆ ಬರೋದು ಬೇಡ ಅಂತ ಹೇಳ್ಬೇಕು, ಈಗ್ಲೇ ಹೇಳ್ಬೇಕು" ಎನ್ನುತ್ತ ಹೊರಗೆ ಹೋದವರು, ಬಾಗಿಲಿಂದ ತಿರುಗಿ ಬಂದು ಅವಳ ಮುಂದೆ ನಿಂತು, ಅವಳ ಹೆಸರು ಹಿಡಿದು ಒಮ್ಮೆ ಕರೆದು, ಹಾಗೇ ಹೋದರು.

ಅವಳು ಮೇಷ್ಟ್ರ ಕಡೆ ನೋಡಲು ಹೆದರಿದಳು. ನೋಡಿದಾಗ ಅವರು ಗ್ಲೌಸು ಕಳಚುತ್ತಿದ್ದರು. ಕೊಳವೆಯ ಬಾಯಲ್ಲಿ ತೂಗುತ್ತಿದ್ದ ತೊಟ್ಟನ್ನು ಬರಿಯ ತೋರುಬೆರಳಿನ ಮೇಲೆ ತೆಗೆದುಕೊಂಡು, ಬೆಳಕಿಗೆ ಹಿಡಿದು, ಎಲ್ಲರೂ ನೋಡುತ್ತಿರುವಂತೆಯೇ ನಾಲಿಗೆಯ ಮೇಲೆ ಇಟ್ಟುಕೊಂಡರು. ಮುಖ ಕಿವುಚಿತು. "ಥೂ, ಉಪ್ಪೇ ಉಪ್ಪು!" ಅಂದರು. "ಇಂಥಾದ್ದನ್ನ ಕುಡಿದು ಬೆಳೆದ ಕಲ್ಲಿಗೆ ನಾನು ಅದೇನು ಕುಡಿಸಿದೆನಪ್ಪಾ." ಅವಳು ಮೆಟ್ಟಿಲ ಮೇಲೆ, ಇಷ್ಟು ಹೊತ್ತೂ ಮನಸ್ಸಿನಲ್ಲೇ ಜೋಡಿಸಿಟ್ಟುಕೊಂಡಿದ್ದ ಮೆತ್ತನೆಯ ಮಾತುಗಳನ್ನು ಹುಡುಕುತ್ತ, "ಮೇಷ್ಟ್ರೇ, ಇದರಲ್ಲಿ ನಿಮ್ಮ ತಪ್ಪೇನಿಲ್ಲ, ಯಾರಿಗೇ ಆದ್ರೂ..." ಎಂದು ಶುರು ಮಾಡಿದಳು.

"ಏಯ್, ಸುಮ್ಮನಿರು," ಅಂದರು ಅವರು. "ತಪ್ಪು ನಂದೇ, ಅದನ್ನ ನಾನು ನೋಡ್ಕೋತೀನಿ. ನಂಗೆ ಸಮಾಧಾನ ಹೇಳೋ ಕೆಲಸ ನಿನಗೆ ಯಾರು ಕೊಟ್ರು? ನಿನಗೆ ಕಂಡಿತ್ತು, ನೀನು ಹೇಳ್ದೆ, ಬಂತು. ಗೆದ್ದೋಳು ಗೆದ್ದೋಳ ಹಾಗಿರ್ಬೇಕು. ಎಲ್ಲಿ, ನಗು ನೋಡೋಣ."

ಅವಳಿಗೆ ನಗು ಬಂತು, ಹೊಟ್ಟೆಯ ಆಳದಿಂದ ಬಂತು, ತಡೆಯೋಣವೆಂದು ಬಾಯಿಗೆ ಕೈ ಅಡ್ಡ ಹಿಡಿದರೆ ಬೆರಳ ಸಂದಿನಿಂದ ನುಗ್ಗಿ ಬಂತು. ಅದರಲ್ಲಿ ಕನಿಕರವಾಗಲಿ ಅಳುಕಾಗಲಿ ಒಂದು ಚೂರೂ ಇರಲಿಲ್ಲ. ಇದ್ದೀತೇನೋ ಎಂದು ಅವಳು ಒಳಗೆಲ್ಲ ತಡಕಾಡಿ ನೋಡಿದಳು, ಸಿಗಲಿಲ್ಲ. ಬಾಯಿಂದ ಕೈ ತೆಗೆದು, ಅಷ್ಟೂ ಜನರ ಎದುರಿಗೆ, "ನಾನು ಹೇಳಿರ್ಲಿಲ್ವಾ!" ಎಂದು ಕೂಗಿದಳು.